ಯುದ್ಧಕ್ಕೆ ಹೋದ ಅಣ್ಣ, ಓದಲು ಕೂತ ತಮ್ಮ: ಇಸ್ರೇಲಿನ ಸೈನ್ಯಸೇವೆಯ ವಿವಾದದ ಒಳಗೇನಿದೆ?

2025ರ ಅಕ್ಟೋಬರ್ 30ರಂದು ಜೆರುಸಲೇಮ್ ನಗರವನ್ನು ಪ್ರವೇಶಿಸುವ ಮುಖ್ಯರಸ್ತೆಯಲ್ಲಿ ಕಪ್ಪು ಕೋಟು, ಕಪ್ಪು ಟೋಪಿ ತೊಟ್ಟ ಸುಮಾರು ಎರಡು ಲಕ್ಷ ಗಂಡಸರು ಸೇರಿ ಕೀರ್ತನೆಗಳನ್ನು ಪಠಿಸಿದರು. ಅವರು ಸೇರಿದ್ದು ಗಾಜಾ ಯುದ್ಧವನ್ನು ವಿರೋಧಿಸುವುದಕ್ಕಲ್ಲ, ತಮ್ಮ ಮಕ್ಕಳನ್ನು ಸೇನೆಗೆ ಕರೆಯುವುದನ್ನು ವಿರೋಧಿಸುವುದಕ್ಕೆ. ಅದಕ್ಕೆ ಮೂರು ತಿಂಗಳ ಹಿಂದೆ, ಜುಲೈಯಲ್ಲಿ, ಇದೇ ಕಾರಣಕ್ಕೆ ಎರಡು ಧಾರ್ಮಿಕ ಪಕ್ಷಗಳು ಬೆಂಜಮಿನ್ ನೆತನ್ಯಾಹು ಅವರ ಸಚಿವ ಸಂಪುಟದಿಂದ ಹೊರಬಂದಿದ್ದವು.

ದೂರದಿಂದ ಸುದ್ದಿ ಓದುವವರಿಗೆ ಇಲ್ಲಿ ಎರಡು ಸಂಗತಿಗಳು ಗೊಂದಲ ಹುಟ್ಟಿಸುತ್ತವೆ. ಹುಡುಗ ಹುಡುಗಿಯರೆಲ್ಲ ಸೇನೆಯಲ್ಲಿ ದುಡಿಯುವ ದೇಶವೆಂದು ನಾವು ಕೇಳಿ ತಿಳಿದಿರುವ ಇಸ್ರೇಲಿನಲ್ಲಿ ಇಷ್ಟು ದೊಡ್ಡ ಸಮುದಾಯಕ್ಕೆ ಇಷ್ಟು ಕಾಲ ವಿನಾಯಿತಿ ಸಿಕ್ಕಿದ್ದು ಹೇಗೆ ಎಂಬುದು ಮೊದಲನೆಯದು. ಈ ವಿನಾಯಿತಿಯ ವಿರುದ್ಧ ಕಟುವಾಗಿ ಮಾತನಾಡುತ್ತಿರುವವರಲ್ಲಿ ಧರ್ಮನಿಷ್ಠ ಯೆಹೂದಿಗಳೂ ದೊಡ್ಡ ಸಂಖ್ಯೆಯಲ್ಲಿದ್ದಾರೆ ಎಂಬುದು ಎರಡನೆಯದು. ಎರಡೂ ಕಡೆಯವರು ಓದುವುದು ಟೋರಾ ಎಂಬ ಒಂದೇ ಧರ್ಮಗ್ರಂಥ, ಆಚರಿಸುವುದು ವಾರದ ವಿಶ್ರಾಂತಿದಿನವಾದ ಅದೇ ಸಬ್ಬತ್. ಇಬ್ಬರೂ ಪರಸ್ಪರರನ್ನು 'ಸೋದರರೇ' ಎಂದು ಕರೆದುಕೊಂಡೇ ಜಗಳವಾಡುತ್ತಿದ್ದಾರೆ. ಈ ಸಂಬೋಧನೆ ಬರಿಯ ಔಪಚಾರಿಕ ಮಾತಲ್ಲ. ಯೆಹೂದಿ ಪರಂಪರೆಯಲ್ಲಿ ಒಡಹುಟ್ಟಿದವರ ಜಗಳಕ್ಕೆ ದೀರ್ಘವಾದ ಇತಿಹಾಸವೂ ಖಚಿತವಾದ ನಿಯಮಗಳೂ ಇವೆ. ಇಂದಿನ ವಾದಗಳು ಹುಟ್ಟುತ್ತಿರುವುದು ಅಲ್ಲಿಂದಲೇ.

ನಾನೂರು ವಿದ್ಯಾರ್ಥಿಗಳಿಂದ ಅರವತ್ತಮೂರು ಸಾವಿರಕ್ಕೆ

ಇಸ್ರೇಲಿನಲ್ಲಿ ಕಟ್ಟಾ ಸಂಪ್ರದಾಯಸ್ಥ ಯೆಹೂದಿಗಳನ್ನು ಹರೇದಿಗಳು ಎನ್ನುತ್ತಾರೆ. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಈಗ ಸುಮಾರು ನೂರಕ್ಕೆ ಹದಿನಾಲ್ಕು. ಅವರ ಗಂಡುಮಕ್ಕಳು ಯೆಶಿವಾ ಎಂಬ ಧಾರ್ಮಿಕ ವಿದ್ಯಾಲಯಗಳಲ್ಲಿ, ಹೆಚ್ಚಾಗಿ ಇಬ್ಬಿಬ್ಬರು ಜೊತೆಯಾಗಿ ಕೂತು, ಗಟ್ಟಿಯಾಗಿ ವಾದಿಸುತ್ತ, ಪ್ರಾಚೀನ ಪಂಡಿತರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್ ಓದುತ್ತಾರೆ. ಹಲವರು ಮದುವೆಯಾದ ಮೇಲೂ ಅದೇ ಓದನ್ನು ಮುಂದುವರಿಸುತ್ತಾರೆ.

1948ರಲ್ಲಿ ಮೊದಲ ಪ್ರಧಾನಿ ದಾವಿದ್ ಬೆನ್ ಗುರಿಯೊನ್ ಇಂಥ ಸುಮಾರು 400 ವಿದ್ಯಾರ್ಥಿಗಳನ್ನು ಸೈನ್ಯಸೇವೆಯಿಂದ ಬಿಟ್ಟರು. ಪೂರ್ವ ಯುರೋಪಿನ ಮಹಾ ಯೆಶಿವಾಗಳು ನಾಜಿಗಳ ನರಮೇಧದಲ್ಲಿ ನಾಶವಾಗಿದ್ದವು, ಉಳಿದ ಬೆರಳೆಣಿಕೆಯ ಪಂಡಿತರಿಂದ ಆ ವಿದ್ಯೆಯನ್ನು ಮತ್ತೆ ಕಟ್ಟಬೇಕಿತ್ತು. ಅಂದಿಗೆ ಅದು ಯಾರಿಗೂ ಹೊರೆಯಾಗದ ಏರ್ಪಾಡು. 1977ರಲ್ಲಿ ಅಧಿಕಾರಕ್ಕೆ ಬಂದ ಮೆನಾಹೆಮ್ ಬೆಗಿನ್ ಧಾರ್ಮಿಕ ಪಕ್ಷಗಳ ಬೆಂಬಲಕ್ಕಾಗಿ ಸಂಖ್ಯೆಯ ಮಿತಿಯನ್ನು ತೆಗೆದುಹಾಕಿದರು. ಅಲ್ಲಿಂದ ಮುಂದೆ ವಿನಾಯಿತಿ ಸಮುದಾಯದ ಜನಸಂಖ್ಯೆಯ ಜೊತೆಗೇ ಬೆಳೆಯಿತು.

ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಇಷ್ಟು ದೊಡ್ಡ ಪ್ರಮಾಣದ ವಿನಾಯಿತಿಯನ್ನು ರಕ್ಷಣಾ ಸಚಿವರು ಸಂಸತ್ತಿನ ಕಾನೂನಿಲ್ಲದೆ ಕೊಡಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ಹೇಳಿತು. 2002ರಲ್ಲಿ ಕಾನೂನು ಬಂತು, 2012ರಲ್ಲಿ ಅದು ಸಮಾನತೆಗೆ ವಿರುದ್ಧವೆಂದು ಬಿದ್ದುಹೋಯಿತು. 2014ರಲ್ಲಿ ಇನ್ನೊಂದು ಬಂತು, 2017ರಲ್ಲಿ ಅದಕ್ಕೂ ಅದೇ ಗತಿಯಾಯಿತು. ಮುಂದೂಡುತ್ತ ಬಂದ ಗಡುವು 2023ರ ಮಧ್ಯದಲ್ಲಿ ಮುಗಿಯಿತು. ಕೆಲವೇ ತಿಂಗಳಲ್ಲಿ, ಅಕ್ಟೋಬರ್ 7ರಂದು, ಹಮಾಸ್ ದಾಳಿ ನಡೆದು ಯುದ್ಧ ಶುರುವಾಯಿತು. 2024ರ ಜೂನ್ 25ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ವಿನಾಯಿತಿಗೆ ಈಗ ಯಾವ ಕಾನೂನಿನ ಆಧಾರವೂ ಇಲ್ಲ, ಸರ್ಕಾರ ಹರೇದಿ ಯುವಕರನ್ನೂ ಸೇನೆಗೆ ಕರೆಯಲೇಬೇಕು ಎಂದು ತೀರ್ಪಿತ್ತರು. ಆ ಹೊತ್ತಿಗೆ ವಿನಾಯಿತಿಯ ನೆರಳಿನಲ್ಲಿದ್ದವರು ಸುಮಾರು 63,000 ಮಂದಿ.

ಯುದ್ಧ ಬಾರದಿದ್ದರೆ ಈ ತೀರ್ಪು ಇನ್ನೊಂದು ರಾಜಕೀಯ ಒಪ್ಪಂದದಲ್ಲಿ ಕರಗಿಹೋಗುತ್ತಿತ್ತೇನೋ. ಆದರೆ ಮೀಸಲು ಸೈನಿಕರು ಮನೆ, ಅಂಗಡಿ, ಕೆಲಸ ಬಿಟ್ಟು ನೂರಾರು ದಿನ ಗಡಿಯಲ್ಲಿ ಕಳೆದರು. ಸೇನೆ ತನಗೆ ಸುಮಾರು 12,000 ಸೈನಿಕರ ಕೊರತೆಯಿದೆ ಎಂದಿತು. ಯಾರೋ ಒಬ್ಬರು ಹೋಗದಿದ್ದರೆ ಇನ್ನೊಬ್ಬರು ಎರಡು ಸಲ ಹೋಗಬೇಕಾಗುತ್ತದೆ ಎಂಬ ಸಂಗತಿ ಪ್ರತಿ ಮನೆಯ ಅನುಭವಕ್ಕೆ ಬಂದಾಗ, ಹಳೆಯ ವಿವಾದ ಮನೆಯೊಳಗಿನ ಪಾಲಿನ ಜಗಳವಾಯಿತು.

ಜಗಳದಿಂದಲೇ ಆರಂಭವಾಗುವ ವಂಶಕಥೆ

'ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು' ಎಂಬ ನಮ್ಮ ಗಾದೆಯನ್ನು ಟೋರಾದ ಮೊದಲ ಪುಸ್ತಕವಾದ ಆದಿಕಾಂಡ ತಲೆಮಾರಿನಿಂದ ತಲೆಮಾರಿಗೆ ತೋರಿಸುತ್ತ ಹೋಗುತ್ತದೆ. ಕಾಯಿನ ತಮ್ಮ ಹೇಬೆಲನನ್ನು ಕೊಲ್ಲುತ್ತಾನೆ. ಇಷ್ಮಾಯೇಲ ಮನೆಯಿಂದ ಹೊರಹಾಕಲ್ಪಡುತ್ತಾನೆ, ಇಸಾಕ ಉಳಿಯುತ್ತಾನೆ. ಯಾಕೋಬ ಅಣ್ಣ ಏಸಾವನಿಗೆ ಸಿಗಬೇಕಾದ ತಂದೆಯ ಆಶೀರ್ವಾದವನ್ನು ವೇಷ ಹಾಕಿಕೊಂಡು ಪಡೆದು ಊರು ಬಿಟ್ಟು ಓಡುತ್ತಾನೆ. ತನ್ನ ಮೂಲಪುರುಷರ ಕುಟುಂಬವನ್ನು ಇಷ್ಟು ಒಡಕಿನ ಕುಟುಂಬವಾಗಿ ಚಿತ್ರಿಸಿಕೊಂಡಿರುವುದು ಈ ಪರಂಪರೆಯ ದೊಡ್ಡ ಪ್ರಾಮಾಣಿಕತೆ.

ಈ ಸರಣಿಯಲ್ಲಿ ಯೋಸೇಫನ ಕಥೆಯನ್ನು ನಿಧಾನವಾಗಿ ಓದಬೇಕು, ಏಕೆಂದರೆ ಸೋದರತ್ವ ಎಂದರೇನು ಎಂಬುದಕ್ಕೆ ಮುಂದಿನ ಯೆಹೂದಿ ಚಿಂತನೆ ಕೊಟ್ಟ ಉತ್ತರದ ಬೀಜ ಅಲ್ಲಿದೆ. ಯಾಕೋಬ ಹನ್ನೆರಡು ಗಂಡುಮಕ್ಕಳಲ್ಲಿ ಯೋಸೇಫನೊಬ್ಬನಿಗೆ ವಿಶೇಷವಾದ ನಿಲುವಂಗಿಯನ್ನು ಹೊಲಿಸಿಕೊಡುತ್ತಾನೆ. ಉಳಿದವರಿಗೆ ಅವನ ಜೊತೆ ನೆಟ್ಟಗೆ ಒಂದು ಮಾತಾಡುವುದಕ್ಕೂ ಆಗದಷ್ಟು ಹೊಟ್ಟೆಕಿಚ್ಚು ಹುಟ್ಟುತ್ತದೆ. ಕೊನೆಗೆ ಯೆಹೂದನ ಸಲಹೆಯಂತೆ ಅವನನ್ನು ಇಪ್ಪತ್ತು ಬೆಳ್ಳಿಯ ನಾಣ್ಯಗಳಿಗೆ ಮಾರಿಬಿಡುತ್ತಾರೆ. ಇದನ್ನು ಓದಿದ ತಾಲ್ಮುದ್ ಪಂಡಿತರು ತಪ್ಪನ್ನು ಅಣ್ಣಂದಿರ ಮೇಲೆ ಮಾತ್ರ ಹೊರಿಸಲಿಲ್ಲ. ಮಕ್ಕಳಲ್ಲಿ ಒಬ್ಬನನ್ನು ಬೇರೆಯವರಿಗಿಂತ ಹೆಚ್ಚಾಗಿ ಕಾಣಬಾರದು, ಉಳಿದವರಿಗಿಂತ ಎರಡು ಸೆಲಾ (ಅಂದಿನ ನಾಣ್ಯ) ತೂಕದಷ್ಟು ಹೆಚ್ಚು ನಯವಾದ ಬಟ್ಟೆಯನ್ನು ಯೋಸೇಫನಿಗೆ ಕೊಟ್ಟ ಕಾರಣಕ್ಕೇ ನಮ್ಮ ಹಿರಿಯರು ಈಜಿಪ್ಟಿಗೆ ಹೋಗಬೇಕಾಯಿತು ಎಂದು ಅವರು ಬರೆದರು. ಭೇದವೆಣಿಸಿದ ಹಿರಿಯನಿಗೂ ಒಡಕಿನಲ್ಲಿ ಪಾಲಿದೆ ಎಂಬ ಈ ಮಾತು, ಒಂದು ಸಮುದಾಯಕ್ಕೆ ರಾಜ್ಯವೇ ವಿಶೇಷ ರಿಯಾಯಿತಿ ಕೊಟ್ಟ ಇಂದಿನ ಸಂದರ್ಭಕ್ಕೂ ಸಲ್ಲುತ್ತದೆ.

ಇಪ್ಪತ್ತು ವರ್ಷ ಮೀರಿದ ಮೇಲೆ, ಬರಗಾಲದಲ್ಲಿ ಧಾನ್ಯಕ್ಕಾಗಿ ಬಂದ ಅಣ್ಣಂದಿರ ಎದುರು ಯೋಸೇಫ ಈಜಿಪ್ಟಿನ ಅಧಿಪತಿಯಾಗಿ ನಿಂತಿರುತ್ತಾನೆ. ಅವರಿಗೆ ಅವನ ಗುರುತು ಸಿಗುವುದಿಲ್ಲ. ಅವನು ತನ್ನ ಒಡಹುಟ್ಟಿದ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಬಟ್ಟಲನ್ನು ಅಡಗಿಸಿ, ಕಳ್ಳತನದ ಆರೋಪ ಹೊರಿಸಿ, ಅವನೊಬ್ಬನನ್ನು ಆಳಾಗಿ ಬಿಟ್ಟು ಉಳಿದವರು ಹೋಗಬಹುದೆನ್ನುತ್ತಾನೆ. ಹಿಂದೆ ಮಾಡಿದ್ದನ್ನೇ ಮತ್ತೆ ಮಾಡುವ ಅವಕಾಶ ಅವರ ಮುಂದಿದೆ. ಆಗ, ತಮ್ಮನನ್ನು ಮಾರುವ ಸಲಹೆ ಕೊಟ್ಟಿದ್ದ ಅದೇ ಯೆಹೂದ ಮುಂದೆ ಬಂದು, ಈ ಹುಡುಗನಿಗೆ ತಂದೆಯ ಎದುರು ನಾನು ಹೊಣೆಯಾಗಿದ್ದೇನೆ, ಅವನ ಬದಲು ನನ್ನನ್ನು ಆಳಾಗಿ ಇಟ್ಟುಕೊಳ್ಳಿ ಎಂದು ಬೇಡುತ್ತಾನೆ. ಯೋಸೇಫ ಅಳು ತಡೆಯಲಾರದೆ ತಾನು ಯಾರೆಂದು ಹೇಳುವುದು ಈ ಮಾತಿನ ನಂತರವೇ.

ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಅಣ್ಣತಮ್ಮಂದಿರ ಅಭಿಪ್ರಾಯಗಳು ಒಂದಾಗಲಿಲ್ಲ, ಹಳೆಯ ಲೆಕ್ಕ ಚುಕ್ತಾ ಆಗಲೂ ಇಲ್ಲ. ಊರಿಗೆ ಹೊರಟವರಿಗೆ 'ದಾರಿಯಲ್ಲಿ ಜಗಳವಾಡಬೇಡಿ' ಎಂದು ಯೋಸೇಫ ಎಚ್ಚರಿಕೆ ಹೇಳಿ ಕಳಿಸುತ್ತಾನೆ. ತಂದೆ ತೀರಿಕೊಂಡ ಮೇಲೆ ಅಣ್ಣಂದಿರು ಸೇಡಿಗೆ ಹೆದರಿ, ನಮ್ಮನ್ನು ಕ್ಷಮಿಸಬೇಕೆಂದು ಅಪ್ಪ ಹೇಳಿದ್ದರು ಎಂಬ ಸಂದೇಶ ಕಳಿಸುತ್ತಾರೆ. ಯಾಕೋಬ ಹಾಗೆ ಹೇಳಿದ್ದು ಕಥೆಯಲ್ಲಿ ಎಲ್ಲೂ ಇಲ್ಲ. ಮನೆಯ ಶಾಂತಿಗಾಗಿ ಮಾತನ್ನು ಸ್ವಲ್ಪ ತಿರುಗಿಸಬಹುದು ಎಂಬ ನಿಯಮವನ್ನು ತಾಲ್ಮುದ್ ಇಲ್ಲಿಂದಲೇ ತೆಗೆಯುತ್ತದೆ. ಸಂಶಯ ಉಳಿದುಕೊಂಡೇ ಕುಟುಂಬ ಒಂದಾಗಿರುತ್ತದೆ. ಅದನ್ನು ಹಿಡಿದಿಟ್ಟದ್ದು ಯೆಹೂದ ಹೊತ್ತ ಹೊಣೆ. 'ಇಸ್ರಾಯೇಲರೆಲ್ಲರೂ ಒಬ್ಬರಿಗೊಬ್ಬರು ಹೊಣೆ' ಎಂಬ ತಾಲ್ಮುದಿನ ಸೂತ್ರ ಇಂದು ಶಾಲೆಯ ಮಕ್ಕಳ ಬಾಯಲ್ಲೂ ಇರುವ ಮಾತು. ಒಮ್ಮತವಿಲ್ಲದಿದ್ದರೂ ಹೊಣೆ ತಪ್ಪದು ಎಂಬುದೇ ಅದರ ತಿರುಳು.

ವಾದಕ್ಕೆ ಗೌರವ, ಕತ್ತಿಗೆ ಶೋಕ

ಭಿನ್ನಾಭಿಪ್ರಾಯವನ್ನು ಈ ಪರಂಪರೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಗುರುಗಳ ಶಿಷ್ಯಪಂಗಡಗಳದ್ದು. ಮೂರು ವರ್ಷ ವಾದಿಸಿದ ಮೇಲೆ ಆಕಾಶವಾಣಿಯಾಗಿ, ಇವೂ ಅವೂ ಎರಡೂ ಜೀವಸ್ವರೂಪನಾದ ದೇವರ ಮಾತುಗಳೇ, ಆದರೆ ಆಚರಣೆಗೆ ಹಿಲ್ಲೆಲರ ಮಾತನ್ನು ಹಿಡಿಯಿರಿ ಎಂದಿತಂತೆ. ಕಾರಣವನ್ನೂ ತಾಲ್ಮುದ್ ಕೊಡುತ್ತದೆ: ಹಿಲ್ಲೆಲ್ ಪಂಗಡದವರು ಸೌಮ್ಯರು, ಎದುರಾಳಿಗಳ ವಾದವನ್ನೂ ಕಲಿಸುತ್ತಿದ್ದರು, ತಮ್ಮ ವಾದಕ್ಕಿಂತ ಮೊದಲು ಅವರದನ್ನು ಹೇಳುತ್ತಿದ್ದರು.

ಇದಕ್ಕಿಂತ ಮುಖ್ಯವಾದದ್ದು, ಜನ ಅಷ್ಟಾಗಿ ಹೇಳದ, ತಾಲ್ಮುದಿಗೆ ಬುನಾದಿಯಾದ ಮಿಶ್ನಾ ಎಂಬ ನಿಯಮಸಂಗ್ರಹದ ಇನ್ನೊಂದು ಸಾಲು. ಯಾವ ಮದುವೆ ಸಿಂಧು, ಯಾವುದು ಅಸಿಂಧು ಎಂಬ ವಿಚಾರದಲ್ಲೇ ಎರಡು ಪಂಗಡಗಳಿಗೆ ತೀವ್ರ ಭಿನ್ನಮತವಿತ್ತು. ಆದರೂ ಅವರು ಪರಸ್ಪರ ಹೆಣ್ಣು ತಂದು ಕೊಡುವುದನ್ನು ನಿಲ್ಲಿಸಲಿಲ್ಲ ಎಂದು ಅದು ದಾಖಲಿಸುತ್ತದೆ. ವಾದ ಎಷ್ಟೇ ಬೆಳೆಯಲಿ, ಸಂಬಂಧ ಕಡಿಯದಿದ್ದರೆ ಅದು ಮನೆಯೊಳಗಿನ ವಾದ ಎಂಬುದು ಇಲ್ಲಿನ ಅಳತೆಗೋಲು. ಭಾರತದ ಕೊಂಕಣ ಕರಾವಳಿಯಿಂದ ಇಸ್ರೇಲಿಗೆ ಹೋದ ಬೆನೆ ಇಸ್ರಾಯೇಲ್ ಸಮುದಾಯಕ್ಕೆ ಈ ಅಳತೆಗೋಲಿನ ನೋವು ಚೆನ್ನಾಗಿ ಗೊತ್ತು. 1962ರಲ್ಲಿ ಅಲ್ಲಿನ ಮುಖ್ಯ ಧರ್ಮಪೀಠ ಅವರೊಡನೆ ಮದುವೆ ನಡೆಸುವ ಮೊದಲು ವಂಶದ ತನಿಖೆ ಮಾಡಬೇಕೆಂದಾಗ ಅವರು ಬೀದಿಗಿಳಿದು ಪ್ರತಿಭಟಿಸಿದರು, 1964ರಲ್ಲಿ ಇಸ್ರೇಲಿನ ಸಂಸತ್ತೇ ಅವರು ಎಲ್ಲ ರೀತಿಯಲ್ಲೂ ಯೆಹೂದಿಗಳೆಂದು ಘೋಷಿಸಬೇಕಾಯಿತು. ಸೋದರರೆಂದು ಬಾಯಲ್ಲಿ ಕರೆದು ಸಂಬಂಧಕ್ಕೆ ಒಲ್ಲೆನ್ನುವುದು ಅವರಿಗೆ ಅವಮಾನವಾಗಿ ಕಂಡದ್ದು ಸಹಜವೇ.

ಎಲ್ಲ ಜಗಳಕ್ಕೂ ಈ ಗೌರವ ಇಲ್ಲ. ದೇವರ ಹೆಸರಿನಲ್ಲಿ ನಡೆಯುವ ವಾದಕ್ಕೆ ಹಿಲ್ಲೆಲ್ ಮತ್ತು ಶಮ್ಮಾಯ್ ಮಾದರಿಯಾದರೆ, ಹಾಗಲ್ಲದ ಜಗಳಕ್ಕೆ, ಇಸ್ರಾಯೇಲರನ್ನು ಈಜಿಪ್ಟಿನಿಂದ ಹೊರತಂದ ನಾಯಕ ಮೋಶೆಯ ದಾಯಾದಿಯಾದ ಕೋರಹನ ಬಂಡಾಯವನ್ನು ಮಿಶ್ನಾ ಮಾದರಿಯಾಗಿಡುತ್ತದೆ. ಎಲ್ಲರೂ ಪವಿತ್ರರೇ, ನೀವೇಕೆ ಮೇಲೆ ಕೂತಿದ್ದೀರಿ ಎಂದು ಅವನು ಕೇಳಿದ್ದು ತಪ್ಪು ಪ್ರಶ್ನೆಯಲ್ಲ. ಅವನಿಗೆ ಬೇಕಿದ್ದುದು ಪದವಿ ಎಂಬುದು ಪಂಡಿತರ ತೀರ್ಮಾನ. ಮಾದರಿಯೆನಿಸಿದ ಪಂಗಡಗಳೂ ಎಡವಿದ ದಿನವಿದೆ. ಒಂದು ದಿನ ಅಧ್ಯಯನಶಾಲೆಯಲ್ಲಿ ಕತ್ತಿ ನೆಟ್ಟು, ಒಳಗೆ ಬರುವವರು ಬರಲಿ, ಯಾರೂ ಹೊರಗೆ ಹೋಗಕೂಡದು ಎಂದು ಕಟ್ಟುಮಾಡಿ ಮತ ಎಣಿಸಲಾಯಿತು; ಅಂದು ಶಮ್ಮಾಯ್ ಪಂಗಡ ಗೆದ್ದಿತು. ಆ ದಿನ ಚಿನ್ನದ ಕರುವನ್ನು ಮಾಡಿ ಪೂಜಿಸಿದ ದಿನದಷ್ಟೇ ಕಷ್ಟದ್ದೆಂದು ತಾಲ್ಮುದ್ ಶೋಕಿಸುತ್ತದೆ.

ರಾಜ್ಯ ಕಳೆದುಕೊಂಡ ಎರಡು ಸಂದರ್ಭಗಳು

ಸೋದರ ಕಲಹ ಎಂಬ ಮಾತು ಇಸ್ರೇಲಿಗರನ್ನು ಇಷ್ಟೇಕೆ ನಡುಗಿಸುತ್ತದೆ ಎಂಬುದು ಅವರ ಇತಿಹಾಸ ಗೊತ್ತಿದ್ದರಷ್ಟೇ ತಿಳಿಯುತ್ತದೆ. ಗ್ರೀಕರ ಆಳ್ವಿಕೆಯಿಂದ ಬಿಡಿಸಿಕೊಂಡು ಸ್ವತಂತ್ರ ರಾಜ್ಯ ಕಟ್ಟಿದ ಹಶ್ಮೋನಾಯ ವಂಶದ ಕೊನೆಯ ದಿನಗಳಲ್ಲಿ ಹಿರ್ಕಾನಸ್ ಮತ್ತು ಅರಿಸ್ಟೊಬುಲಸ್ ಎಂಬ ಅಣ್ಣತಮ್ಮಂದಿರು ಸಿಂಹಾಸನಕ್ಕಾಗಿ ಹೊಡೆದಾಡಿದರು. ಒಬ್ಬ ಜೆರುಸಲೇಮಿನ ಕೋಟೆಯೊಳಗೆ, ಇನ್ನೊಬ್ಬ ಹೊರಗೆ. ಒಳಗಿನವರು ಪ್ರತಿದಿನ ಬುಟ್ಟಿಯಲ್ಲಿ ಹಣ ಇಳಿಬಿಡುತ್ತಿದ್ದರು, ಹೊರಗಿನವರು ದೇವಾಲಯದ ನಿತ್ಯಬಲಿಗೆ ಕುರಿಗಳನ್ನು ಅದರಲ್ಲಿಟ್ಟು ಕಳಿಸುತ್ತಿದ್ದರು. ಮುತ್ತಿಗೆಯ ನಡುವೆಯೂ ಪೂಜೆ ನಿಲ್ಲಲಿಲ್ಲ. ಒಂದು ದಿನ ಕುರಿಯ ಬದಲು ಹಂದಿ ಬಂತು, ಗೋಡೆಯ ಅರ್ಧಕ್ಕೆ ಬಂದಾಗ ಅದು ಕಲ್ಲಿಗೆ ಗೊರಸು ಊರಿತು, ಇಡೀ ನಾಡು ನಡುಗಿತು ಎಂದು ತಾಲ್ಮುದ್ ಹೇಳುತ್ತದೆ. ಚರಿತ್ರೆಯ ದಾಖಲೆಯಲ್ಲಿ ಇದರ ಮುಂದಿನ ಅಧ್ಯಾಯವೂ ಇದೆ: ಸೋದರರಿಬ್ಬರೂ ರೋಮಿನ ಸೇನಾಪತಿ ಪಾಂಪೆಯ ಬಳಿ ನ್ಯಾಯ ಕೇಳಲು ಹೋದರು, ಕ್ರಿ.ಪೂ. 63ರಲ್ಲಿ ಪಾಂಪೆ ಬಂದು ಜೆರುಸಲೇಮನ್ನೇ ವಶಪಡಿಸಿಕೊಂಡ. ಹರೇದಿಗಳಿಗಾಗಿ ಇಸ್ರೇಲಿ ಸೇನೆ ಈಚೆಗೆ ರಚಿಸಿದ ವಿಶೇಷ ದಳಕ್ಕೆ ಇದೇ ಹಶ್ಮೋನಾಯರ ಹೆಸರಿದೆ. ಗ್ರೀಕರನ್ನು ಗೆದ್ದ ಮೊದಲ ತಲೆಮಾರನ್ನು ನೆನೆದು ಇಟ್ಟ ಹೆಸರು ಅದು.

ಎರಡನೆಯ ಸಂದರ್ಭ ಕ್ರಿ.ಶ. 70ರದು, ರೋಮನ್ನರು ಎರಡನೇ ದೇವಾಲಯವನ್ನು ಸುಟ್ಟದ್ದು. ನಗರದಲ್ಲಿ ಇಪ್ಪತ್ತೊಂದು ವರ್ಷಕ್ಕೆ ಸಾಲುವಷ್ಟು ದಾಸ್ತಾನು ಇತ್ತೆಂದೂ, ಸಂಧಾನ ಬೇಡವೆಂದ ಉಗ್ರರು ತಮ್ಮವರನ್ನು ಯುದ್ಧಕ್ಕೆ ನೂಕಲು ಗೋಧಿ, ಬಾರ್ಲಿಯ ಕಣಜಗಳಿಗೆ ತಾವೇ ಬೆಂಕಿಯಿಟ್ಟರೆಂದೂ ತಾಲ್ಮುದ್ ಹೇಳುತ್ತದೆ. ಮೊದಲ ದೇವಾಲಯ ವಿಗ್ರಹಾರಾಧನೆ, ವ್ಯಭಿಚಾರ, ರಕ್ತಪಾತಗಳಿಂದ ಬಿದ್ದಿತು. ಎರಡನೆಯದರ ಕಾಲದವರು ಟೋರಾ ಓದುವವರು, ದಾನಧರ್ಮ ಮಾಡುವವರು, ಆದರೂ ಕಾರಣವಿಲ್ಲದ ದ್ವೇಷದಿಂದ ಅದು ಬಿದ್ದಿತು ಎಂಬುದು ಪಂಡಿತರ ನಿರ್ಣಯ. ಓದು, ಭಕ್ತಿ ಎರಡೂ ಇದ್ದು ಸೋದರಭಾವ ಇಲ್ಲದಿದ್ದರೆ ಉಳಿಗಾಲವಿಲ್ಲ ಎಂದು ಸ್ವತಃ ಧರ್ಮಪಂಡಿತರೇ ಬರೆದುಕೊಂಡಿರುವುದರಿಂದ, ಇಂದಿನ ವಾದದಲ್ಲಿ ಎರಡೂ ಕಡೆಯವರು ಇನ್ನೊಬ್ಬರಿಗೆ ತೋರಿಸುವುದು ಇದೇ ಪುಟವನ್ನು.

'ನಿಮ್ಮ ಸೋದರರು ಯುದ್ಧಕ್ಕೆ ಹೋಗಬೇಕೇ?'

ಸೈನ್ಯಸೇವೆ ಎಲ್ಲರಿಗೂ ಸಮನಾಗಬೇಕು ಎನ್ನುವವರ ಬಾಯಲ್ಲಿ ಕೇಳಿಬರುವ ವಾಕ್ಯ ಟೋರಾದ ನಾಲ್ಕನೆಯ ಪುಸ್ತಕವಾದ ಅರಣ್ಯಕಾಂಡದ್ದು. ದನಕರುಗಳು ಹೆಚ್ಚಾಗಿದ್ದ ರೂಬೇನ ಮತ್ತು ಗಾದ ಕುಲದವರು ಹುಲ್ಲುಗಾವಲು ಚೆನ್ನಾಗಿದೆಯೆಂದು ಯೊರ್ದನ್ ನದಿಯ ಈಚೆಗೇ ನೆಲೆಸಲು ಅನುಮತಿ ಕೇಳಿದಾಗ, 'ನಿಮ್ಮ ಸೋದರರು ಯುದ್ಧಕ್ಕೆ ಹೋಗಬೇಕು, ನೀವು ಇಲ್ಲಿ ಕೂತಿರಬೇಕೇ?' ಎಂದು ಮೋಶೆ ಗದರುತ್ತಾನೆ. ಆ ಕುಲಗಳು ಜಗಳ ಬೆಳೆಸುವುದಿಲ್ಲ. ಹೆಂಡತಿ ಮಕ್ಕಳನ್ನು ಇಲ್ಲಿ ಬಿಟ್ಟು ನಾವು ಸೋದರರ ಮುಂದೆ ಆಯುಧ ಹಿಡಿದು ಹೋಗುತ್ತೇವೆ, ಎಲ್ಲರಿಗೂ ಅವರವರ ಪಾಲು ಸಿಗುವವರೆಗೆ ಹಿಂದಿರುಗುವುದಿಲ್ಲ ಎಂದು ಮಾತು ಕೊಡುತ್ತವೆ. ನೆಲವೂ ಅವರಿಗೆ ಸಿಗುತ್ತದೆ. ಬೇರೆಯಾಗಿ ಬದುಕುವ ಹಕ್ಕು ಸಿಕ್ಕಿದ್ದು ಹೊರೆಯಲ್ಲಿ ಪಾಲು ಹೊತ್ತ ಮೇಲೆ.

ಈ ವಾಕ್ಯವನ್ನು ಹಿಡಿದವರಲ್ಲಿ, ಯೆಹೂದಿ ರಾಜ್ಯವನ್ನು ಕಟ್ಟಿ ಕಾಯುವುದನ್ನೂ ಧರ್ಮವೆಂದೇ ಕಾಣುವ ಧಾರ್ಮಿಕ ಜಿಯೋನಿಸ್ಟರು ಮುಂಚೂಣಿಯಲ್ಲಿದ್ದಾರೆ. ಹೆಣೆದ ಚಿಕ್ಕ ಟೋಪಿ ಧರಿಸುವ ಈ ಸಮುದಾಯದ ಹುಡುಗರಲ್ಲಿ ಹಲವರು ಯೆಶಿವಾ ಓದು ಮತ್ತು ಸೈನ್ಯಸೇವೆಗಳನ್ನು ಜೋಡಿಸಿದ ಹೆಸ್ದೆರ್ ಎಂಬ ವ್ಯವಸ್ಥೆಯಲ್ಲಿ ಎರಡನ್ನೂ ಮಾಡುತ್ತಾರೆ. ಈ ಯುದ್ಧದಲ್ಲಿ ಸತ್ತವರಲ್ಲಿ ಅವರ ಪಾಲು ಅವರ ಜನಸಂಖ್ಯೆಯನ್ನು ಮೀರಿದ್ದು. ಧರ್ಮಯುದ್ಧವಾದರೆ ಮದುಮಗ ತನ್ನ ಕೋಣೆಯಿಂದ, ಮದುಮಗಳು ತನ್ನ ಚಪ್ಪರದಿಂದ ಎದ್ದು ಬರಬೇಕು ಎಂಬ ಮಿಶ್ನಾದ ವಿಧಿಯನ್ನು, ಅದನ್ನು ತನ್ನ ಸಂಹಿತೆಯಲ್ಲಿ ಸೇರಿಸಿದ ಹನ್ನೆರಡನೇ ಶತಮಾನದ ಮಹಾಪಂಡಿತ ಮೈಮೊನಿದೆಸನನ್ನು ಅವರು ಉಲ್ಲೇಖಿಸುತ್ತಾರೆ. ಮಗನನ್ನು ಮಣ್ಣು ಮಾಡಿ ಬಂದ ತಾಯಿಯೊಬ್ಬಳು ಅದೇ ಪ್ರಾರ್ಥನೆ ಹೇಳುವ ಪಕ್ಕದ ಊರಿನ ತಾಯಿಯನ್ನು ನೋಡಿ, ಅವಳ ಮಗನ ಓದು ನನ್ನ ಮಗನ ಓದಿಗಿಂತ ಹೆಚ್ಚಿನದೇ ಎಂದು ಕೇಳುವಾಗ, ಅದಕ್ಕೆ ಜಾತ್ಯತೀತ ರಾಜಕಾರಣಿಯ ಭಾಷಣಕ್ಕಿಲ್ಲದ ತೂಕ ಬರುತ್ತದೆ.

ಹರೇದಿಗಳ ಉತ್ತರ

ಹರೇದಿಗಳ ನಿಲುವನ್ನು ಹೇಡಿತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ಅನ್ಯಾಯ. ಟೋರಾದ ಓದು ಲೋಕವನ್ನು ಎತ್ತಿಹಿಡಿದಿದೆ, ಅದು ಕಾಪಾಡುತ್ತದೆ, ಬಿಡಿಸುತ್ತದೆ ಎಂಬುದು ಅವರಿಗೆ ಅಕ್ಷರಶಃ ಸತ್ಯ. ಆದ್ದರಿಂದ ಯೆಶಿವಾದಲ್ಲಿ ಕೂತವನು ಸುಮ್ಮನೆ ಕೂತಿಲ್ಲ, ತನ್ನ ಪಾಲಿನ ಕಾವಲು ಕಾಯುತ್ತಿದ್ದಾನೆ. ದೇವಾಲಯದ ಸೇವೆಗೆ ಮೀಸಲಾಗಿದ್ದ ಲೇವಿ ಕುಲ ಯುದ್ಧಕ್ಕೆ ಹೋಗುತ್ತಿರಲಿಲ್ಲ, ದೇವರ ಸೇವೆಗೆ ತನ್ನನ್ನು ಒಪ್ಪಿಸಿಕೊಂಡ ಯಾರೇ ಆಗಲಿ ಲೇವಿಯಂತೆಯೇ ಎಂದು ಅದೇ ಮೈಮೊನಿದೆಸ್ ಬೇರೊಂದು ಕಡೆ ಬರೆದಿದ್ದಾನೆ. ಒಬ್ಬನೇ ಪಂಡಿತನ ಒಂದೇ ಸಂಹಿತೆಯಿಂದ ಎರಡೂ ಕಡೆಯವರು ಆಧಾರ ತೆಗೆಯುತ್ತಿರುವುದರಿಂದ, ಗ್ರಂಥಗಳಷ್ಟರಿಂದ ಈ ವಾದ ತೀರುವುದಿಲ್ಲ.

ಇದರ ಹಿಂದೆ ಭಯವೂ ಇದೆ. ಸೇನೆ ಇಸ್ರೇಲಿನಲ್ಲಿ ಎಲ್ಲರನ್ನೂ ಒಂದೇ ಅಚ್ಚಿಗೆ ತರುವ ಕುಲುಮೆ. ಹದಿನೆಂಟರ ಹುಡುಗ ಸುಮಾರು ಮೂರು ವರ್ಷ ಅಲ್ಲಿದ್ದು ಬಂದರೆ ಹಿಂದಿನ ಜೀವನಕ್ಕೆ ಮರಳುವುದಿಲ್ಲ ಎಂಬುದು ಗುರುಗಳ ಅಳಲು. 1952ರಲ್ಲಿ ಬೆನ್ ಗುರಿಯೊನ್ ಬ್ನೇ ಬ್ರಾಕ್ ಊರಿಗೆ ಹೋಗಿ ಖಜೋನ್ ಈಶ್ ಎಂದೇ ಹೆಸರಾದ ಗುರುವನ್ನು ಕಂಡಾಗ, ಇಕ್ಕಟ್ಟಾದ ದಾರಿಯಲ್ಲಿ ಹೊರೆ ಹೊತ್ತ ಒಂಟೆಗೆ ಹೊರೆಯಿಲ್ಲದ ಒಂಟೆ ದಾರಿ ಬಿಡಬೇಕು ಎಂಬ ತಾಲ್ಮುದಿನ ನಿಯಮವನ್ನು ಆ ಗುರು ನೆನಪಿಸಿದರೆಂದು ಪ್ರಸಿದ್ಧಿ. ಹೊರೆ ಎಂದರೆ ಅವರ ಅರ್ಥದಲ್ಲಿ ಟೋರಾದ ಆಜ್ಞೆಗಳು. ತಮ್ಮ ಹೆಗಲೂ ತುಂಬಿತ್ತು, ದೇಶ ಕಟ್ಟುವ ಹೊರೆಯಿಂದ ಎಂದು ಆಗಿನ ಜಾತ್ಯತೀತರು ಈ ಮಾತನ್ನು ಬಹುಕಾಲ ಮರೆಯಲಿಲ್ಲ. ಎಪ್ಪತ್ತು ವರ್ಷದ ನಂತರದ ಜಗಳವೂ ಅದೇ ಇಕ್ಕಟ್ಟಿನ ದಾರಿಯದು: ಹೊರೆ ಹೊತ್ತವರು ಯಾರು, ದಾರಿ ಬಿಡಬೇಕಾದವರು ಯಾರು?

ಹರೇದಿಗಳೆಲ್ಲರೂ ಒಂದೇ ದನಿಯವರಲ್ಲ. 1999ರಲ್ಲಿ ಆರಂಭವಾದ ನೆತ್ಸಾ ಯೆಹೂದ ಎಂಬ ತುಕಡಿಯಲ್ಲಿ ಸೇರಿದವರಿದ್ದಾರೆ, ಯುದ್ಧ ಶುರುವಾದಾಗ ತಾವಾಗಿ ಬಂದವರೂ ಇದ್ದಾರೆ. ಆದರೆ ಅವರಲ್ಲಿ ಹಲವರು ತಮ್ಮ ಬಡಾವಣೆಗೆ ಸಮವಸ್ತ್ರದಲ್ಲಿ ಬರಲು ಅಂಜುತ್ತಾರೆ. ಮನೆಯೊಳಗೇ ಅಣ್ಣತಮ್ಮಂದಿರು ಬೇರೆಯಾಗುವ ಪರಿಸ್ಥಿತಿ ಅಲ್ಲಿ ಮಾತಿನ ಅಲಂಕಾರವಲ್ಲ. ಇನ್ನೊಂದು ತುದಿಯಲ್ಲಿ, ಬಲವಂತ ಮಾಡಿದರೆ ನಾವೆಲ್ಲ ದೇಶ ಬಿಟ್ಟು ಹೋಗುತ್ತೇವೆ ಎಂದು ಸೆಫಾರ್ದಿ (ಸ್ಪೇನ್, ಉತ್ತರ ಆಫ್ರಿಕಾ, ಮಧ್ಯಪ್ರಾಚ್ಯ ಮೂಲದ) ಯೆಹೂದಿಗಳ ಆಗಿನ ಮುಖ್ಯ ಗುರು ಇತ್ಸಾಕ್ ಯೋಸೇಫ್ 2024ರ ಮಾರ್ಚ್‌ನಲ್ಲಿ ಹೇಳಿದಾಗ, ಸತ್ತವರ ಕುಟುಂಬಗಳಿಗೆ ಅದು ತಂಗಾಳಿಯಾಗಿ ಕೇಳಿಸಲಿಲ್ಲ.

ಏಕತೆಯ ಕರೆ ಯಾರನ್ನು ಸುಮ್ಮನಾಗಿಸುತ್ತದೆ?

ಅಕ್ಟೋಬರ್ 7ರ ನಂತರ ಇಸ್ರೇಲಿನ ಗೋಡೆ ಗೋಡೆಗಳ ಮೇಲೆ 'ಒಟ್ಟಾಗಿ ಗೆಲ್ಲುತ್ತೇವೆ' ಎಂಬ ಬರಹ ಬಂತು. ಅದೇ ವರ್ಷ ಸರ್ಕಾರದ ನ್ಯಾಯಾಂಗ ಬದಲಾವಣೆಯ ಯೋಜನೆಯ ವಿರುದ್ಧ ಬೀದಿಗಿಳಿದಿದ್ದ 'ಆಯುಧದ ಸೋದರರು' ಎಂಬ ಮೀಸಲು ಸೈನಿಕರ ಸಂಘಟನೆ ಒಂದೇ ದಿನದಲ್ಲಿ ಪ್ರತಿಭಟನೆ ಬಿಟ್ಟು ನಿರಾಶ್ರಿತರಿಗೆ ಊಟ ಬಟ್ಟೆ ಹಂಚಲು ನಿಂತಿತು. ಇಂಥ ಕ್ಷಣಗಳು ಈ ಸಮಾಜದಲ್ಲಿ ಹೊಸದಲ್ಲ. 1948ರ ಜೂನ್‌ನಲ್ಲಿ ಬೆಗಿನ್ ನೇತೃತ್ವದ ಬಣಕ್ಕೆ ಆಯುಧ ತಂದ ಅಲ್ತಲೇನಾ ಹಡಗಿನ ಮೇಲೆ ಬೆನ್ ಗುರಿಯೊನ್ ಸರ್ಕಾರ ಟೆಲ್ ಅವಿವ್ ತೀರದಲ್ಲಿ ಗುಂಡು ಹಾರಿಸಿತು, ಎರಡೂ ಕಡೆ ಸೇರಿ 19 ಮಂದಿ ಸತ್ತರು. ಸೋದರ ಯುದ್ಧ ಬೇಡವೆಂದು ಬೆಗಿನ್ ತನ್ನವರಿಗೆ ಮರುಗುಂಡು ಹಾರಿಸಬೇಡಿ ಎಂದ. 1995ರಲ್ಲಿ ಪ್ರಧಾನಿ ಇತ್ಸಾಕ್ ರಾಬಿನ್ ಅವರನ್ನು ಕೊಂದದ್ದು ಒಬ್ಬ ಯೆಹೂದಿಯೇ. 2005ರಲ್ಲಿ ಗಾಜಾದ ವಸತಿಗಳನ್ನು ತೆರವು ಮಾಡುವಾಗ 'ಯೆಹೂದಿ ಯೆಹೂದಿಯನ್ನು ಹೊರಹಾಕುವುದಿಲ್ಲ' ಎಂಬುದು ವಿರೋಧಿಗಳ ಘೋಷಣೆಯಾಗಿತ್ತು.

ಆದರೆ ಏಕತೆಯ ಕರೆ ಈಗ ಎರಡು ಕೆಲಸ ಮಾಡುತ್ತಿದೆ. ಜನರನ್ನು ಒಂದುಗೂಡಿಸುವುದು ಒಂದು. ಯುದ್ಧದ ಹೊತ್ತಿನಲ್ಲಿ ಈ ಪ್ರಶ್ನೆ ಎತ್ತಬೇಡಿ, ಒಡಕು ಮಾಡಬೇಡಿ ಎಂದು ಬಾಯಿ ಮುಚ್ಚಿಸುವುದು ಇನ್ನೊಂದು. ಪರಂಪರೆಯ ಗ್ರಂಥಗಳು ಎರಡನೆಯದಕ್ಕೆ ಬೆಂಬಲ ಕೊಡುವುದಿಲ್ಲ ಎಂಬುದು ಸ್ಪಷ್ಟ. 'ನಿನ್ನ ಸೋದರನನ್ನು ಮನಸ್ಸಿನಲ್ಲಿ ದ್ವೇಷಿಸಬೇಡ' ಎನ್ನುವ, ಟೋರಾದ ಮೂರನೆಯ ಪುಸ್ತಕವಾದ ಯಾಜಕಕಾಂಡದ ವಾಕ್ಯವೇ ಮುಂದುವರಿದು, ಅವನ ತಪ್ಪನ್ನು ಅವನಿಗೇ ಹೇಳು ಎನ್ನುತ್ತದೆ. ಒಳಗೆ ಕುದಿಯುವ ಮೌನಕ್ಕಿಂತ ಮುಖಾಮುಖಿ ಆಡಿದ ಆಕ್ಷೇಪವನ್ನೇ ಅದು ಸೋದರಧರ್ಮವೆಂದು ಎಣಿಸುತ್ತದೆ.

ಈ ಸೋದರಭಾಷೆಗೆ ಒಂದು ಮಿತಿಯೂ ಇದೆ. ಇಸ್ರೇಲಿನ ನಾಗರಿಕರಲ್ಲಿ ಐದರಲ್ಲಿ ಒಬ್ಬರು ಅರಬ್ಬರು. ಅವರಲ್ಲಿ ಹೆಚ್ಚಿನವರಿಗೆ ಸೈನ್ಯಸೇವೆ ಕಡ್ಡಾಯವಲ್ಲ, ಈ ಮಾತುಕತೆಯಲ್ಲಿ ಅವರ ಹೆಸರೂ ಬರುವುದಿಲ್ಲ. 1956ರಿಂದ ಕಡ್ಡಾಯ ಸೇವೆ ಮಾಡುತ್ತಿರುವ, ಅರಬಿ ಮಾತಾಡುವ ದ್ರೂಜ್ ಎಂಬ ಅಲ್ಪಸಂಖ್ಯಾತ ಸಮುದಾಯದವರು, ಹೊರೆ ಹೊತ್ತರೂ ನಾವು ಸೋದರರ ಸಾಲಿಗೆ ಬರಲಿಲ್ಲವೇ ಎಂದು ಇಸ್ರೇಲ್ ಯೆಹೂದಿಗಳ ರಾಷ್ಟ್ರವೆಂದು ಸಾರಿದ 2018ರ ಕಾನೂನಿನ ಸಂದರ್ಭದಲ್ಲಿ ಕೇಳಿದ್ದರು. ಇಸಾಕ ಮತ್ತು ಇಷ್ಮಾಯೇಲ ಇಬ್ಬರೂ ಸೇರಿ ತಂದೆ ಅಬ್ರಹಾಮನನ್ನು ಹೆಬ್ರೋನಿನ ಗವಿಯಲ್ಲಿ ಮಣ್ಣು ಮಾಡಿದರು ಎಂಬ ಆದಿಕಾಂಡದ ವಾಕ್ಯವನ್ನು ಈ ವಿವಾದದಲ್ಲಿ ನೆನಪಿಸುವವರು ಕಡಿಮೆ.

ಮುಂದೆ ಆಗಬಹುದಾದದ್ದು

ತೀರ್ಪಿನ ನಂತರ ಸೇನೆ ಮೊದಲ ವರ್ಷದಲ್ಲಿ ಸುಮಾರು 24,000 ಕರೆಪತ್ರಗಳನ್ನು ಕಳಿಸಿತು, ಬಂದವರು ಬಹಳ ಕಡಿಮೆ. 2025ರ ಜುಲೈಯಲ್ಲಿ ಇನ್ನೂ 54,000 ಪತ್ರ ಕಳಿಸುವುದಾಗಿ ಹೇಳಿತು. ಕರೆಗೆ ಓಗೊಡದವರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು, ಕೆಲವರ ಬಂಧನವಾಗುವುದು, ಅದರ ಬೆನ್ನಿಗೇ ರಸ್ತೆತಡೆ ನಡೆಯುವುದು ಮಾಮೂಲಾಗಿದೆ. ಸಾವಿರಾರು ಜನರನ್ನು ಜೈಲಿಗೆ ಹಾಕಿ ಸೈನಿಕರನ್ನಾಗಿ ಮಾಡಲಾಗದು ಎಂಬುದು ಸೇನೆಗೂ ಗೊತ್ತು, ಹರೇದಿ ನಾಯಕರಿಗೂ ಗೊತ್ತು. ಹಾಗಾಗಿ ನಿಜವಾದ ಒತ್ತಡ ಹಣದ ದಾರಿಯಿಂದ ಬರುತ್ತದೆ. ಯೆಶಿವಾಗಳ ಅನುದಾನ, ಮಕ್ಕಳ ಪಾಲನಾ ಕೇಂದ್ರಗಳ ರಿಯಾಯಿತಿ ನಿಂತರೆ ಮೊದಲು ಕಷ್ಟ ತಟ್ಟುವುದು ದೊಡ್ಡ ಸಂಸಾರವನ್ನು ದುಡಿದು ಸಾಕುತ್ತಿರುವ ಹರೇದಿ ಹೆಂಗಸರಿಗೆ, ಏಕೆಂದರೆ ಆ ಸಮುದಾಯದಲ್ಲಿ ದುಡಿಯುವ ಗಂಡಸರು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಗುರುಗಳು ಮಾಡುವ ತೀರ್ಮಾನದ ಬೆಲೆಯನ್ನು ಅಡುಗೆಮನೆ ತೆರುವಂತಾದರೆ ಸಮುದಾಯದೊಳಗೆ ಹೊಸ ಪ್ರಶ್ನೆಗಳು ಏಳಬಹುದು, ಇಲ್ಲವೇ ಹೊರಗಿನವರ ಮೇಲಿನ ಸಿಟ್ಟು ಇನ್ನೂ ಗಟ್ಟಿಯಾಗಬಹುದು, ಎರಡಕ್ಕೂ ಅವಕಾಶವಿದೆ.

ರಾಜಕೀಯದಲ್ಲಿ ಬಿಕ್ಕಟ್ಟು ಇನ್ನೂ ನೇರವಾಗಿದೆ. ಕಟ್ಟುನಿಟ್ಟಾದ ಮಸೂದೆಗೆ ಒತ್ತಾಯಿಸುತ್ತಿದ್ದ ಯೂಲಿ ಎದೆಲ್‌ಸ್ಟೈನ್ ಅವರನ್ನು ಆಡಳಿತ ಪಕ್ಷ ಸಂಸದೀಯ ಸಮಿತಿಯ ಅಧ್ಯಕ್ಷ ಸ್ಥಾನದಿಂದ ತೆಗೆದು, ಬೋಅಜ್ ಬಿಸ್ಮುತ್ ಅವರನ್ನು ಕೂರಿಸಿತು. ಅವರು 2025ರ ನವೆಂಬರ್‌ನಲ್ಲಿ ಮುಂದಿಟ್ಟ ಕರಡನ್ನು ಮೀಸಲು ಸೈನಿಕರು, ವಿರೋಧ ಪಕ್ಷಗಳು, ಆಡಳಿತ ಪಕ್ಷದ ಕೆಲವರು ವಿನಾಯಿತಿಗೆ ಹೊಸ ಅಂಗಿ ತೊಡಿಸಿದ್ದೆಂದು ಟೀಕಿಸಿದರು. ಹರೇದಿಗಳಲ್ಲಿ ಉಗ್ರರಾದವರು ಅದನ್ನೂ ಒಪ್ಪಲಿಲ್ಲ. ಧಾರ್ಮಿಕ ಪಕ್ಷಗಳನ್ನು ಬಿಟ್ಟರೆ ಸರ್ಕಾರ ಉಳಿಯದು, ಅವರ ಬೇಡಿಕೆಗೆ ಒಪ್ಪಿದರೆ ಯುದ್ಧಕ್ಕೆ ಹೋದವರ ಮತ ಉಳಿಯದು. ಸಂಸತ್ತಿನ ಚುನಾವಣೆ ಕಾನೂನಿನ ಪ್ರಕಾರ 2026ರ ಅಕ್ಟೋಬರ್‌ನೊಳಗೆ ನಡೆಯಬೇಕಾದ್ದರಿಂದ, ಪ್ರತಿ ಪಕ್ಷವೂ ಈ ವಿವಾದವನ್ನು ಬಗೆಹರಿಸುವುದಕ್ಕಿಂತ ಬಳಸಿಕೊಳ್ಳುವುದರಲ್ಲಿ ಹೆಚ್ಚು ಲಾಭ ಕಾಣುವ ಸಾಧ್ಯತೆಯಿದೆ.

ಕಾಲ ಮಾತ್ರ ಕಾಯುವುದಿಲ್ಲ. 2065ರ ಹೊತ್ತಿಗೆ ಹರೇದಿಗಳು ದೇಶದ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೆ ಹತ್ತಿರವಾಗುತ್ತಾರೆಂದು ಇಸ್ರೇಲಿನ ಅಂಕಿಅಂಶ ಇಲಾಖೆಯ ಅಂದಾಜು. ನೂರಕ್ಕೆ ಹದಿನಾಲ್ಕು ಮಂದಿಯಿದ್ದಾಗ ನಡೆದ ವಿನಾಯಿತಿ ಮೂವತ್ತೆರಡು ಮಂದಿಯಾದಾಗ ನಡೆಯಲಾರದು. ಆಗ ಉಳಿದವರ ಸೇವೆಯ ಅವಧಿ ಏರುತ್ತಲೇ ಹೋಗಬೇಕಾಗುತ್ತದೆ. ರೂಬೇನ ಮತ್ತು ಗಾದ ಕುಲಗಳ ಒಪ್ಪಂದದಂತೆ, ಹರೇದಿ ಜೀವನಕ್ರಮಕ್ಕೆ ಧಕ್ಕೆ ಬಾರದ ತುಕಡಿಗಳು, ನಿಜವಾಗಿ ಓದುವ ಒಂದು ಸೀಮಿತ ಸಂಖ್ಯೆಯ ಪ್ರತಿಭಾವಂತರಿಗೆ ಮಾತ್ರ ವಿನಾಯಿತಿ, ಉಳಿದವರಿಗೆ ಸೇವೆ ಎಂಬ ಸೂತ್ರ ಎರಡೂ ಕಡೆಯ ಮಧ್ಯಮಮಾರ್ಗಿಗಳಲ್ಲಿ ಚಾಲ್ತಿಯಲ್ಲಿದೆ. ಅದಕ್ಕೆ ಬೇಕಾದದ್ದು ಸೇನೆಯ ಭರವಸೆಯನ್ನು ನಂಬುವ ಗುರುಗಳು, ಗುರುಗಳು ಕೊಟ್ಟ ಪಟ್ಟಿಯನ್ನು ನಂಬುವ ಸೇನೆ. ಈಗ ಎರಡೂ ಇಲ್ಲ. ಮುಂದೆ ಬರುವ ಸರ್ಕಾರ ಯಾರದ್ದೇ ಆಗಿರಲಿ, ಅದು ಮಾಡುವ ಕಾನೂನು 1998, 2012, 2017 ಮತ್ತು 2024ರ ತೀರ್ಪುಗಳನ್ನು ಕೊಟ್ಟ ಅದೇ ನ್ಯಾಯಾಲಯದ ಮುಂದೆ ಹೋಗಿ ನಿಲ್ಲಲಿದೆ. ಆಗ ನ್ಯಾಯಾಧೀಶರು ಮೊದಲು ನೋಡುವುದು ಎಷ್ಟು ಮಂದಿ ಸೇರಬೇಕೆಂದು ಅದರಲ್ಲಿ ಬರೆದಿದೆ, ಸೇರದಿದ್ದರೆ ದಂಡ ಯಾರ ಮೇಲೆ, ಯಾವಾಗಿನಿಂದ ಎಂಬ ಕಲಮುಗಳನ್ನೇ.